ಮಕ್ಕಳು ಕಡಿಮೆಯಿರುವ ಶಾಲೆ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಜೂನ್‌ನಲ್ಲಿ ಮಗುವನ್ನು ಒಂದನೆಯ ತರಗತಿಗೆ ಸೇರಿಸಲಿರುವ ಬೆಂಗಳೂರಿನ ತಂದೆತಾಯಂದಿರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಬಡಾವಣೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹದಿನೆಂಟೇ ಮಕ್ಕಳಿದ್ದರೆ, ಅದು ಆ ಶಾಲೆಯ ಕೊರತೆಯಲ್ಲ, ಅನುಕೂಲ.

ಅಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನಲಿ-ಕಲಿ ಪದ್ಧತಿಯಲ್ಲಿ ಕಲಿಯುತ್ತಾರೆ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ 2009ರಿಂದೀಚೆಗೆ ರಾಜ್ಯದಾದ್ಯಂತ ಹರಡಿತು. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದ ಕಲಿಕಾ ಏಣಿ ಗೋಡೆಯ ಮೇಲಿರುತ್ತದೆ. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ಅದರ ಕಾರ್ಡು ತೆಗೆದುಕೊಂಡು ಗುಂಪಿನಲ್ಲಿ ಕೂರುತ್ತದೆ.

ಚಾಮರಾಜಪೇಟೆಯ ಕಡೆ ಇಂಥದ್ದೊಂದು ಶಾಲೆಗೆ ನಾನು ಹೋಗಿದ್ದಾಗ, ಯಾದಗಿರಿಯಿಂದ ಬಂದು ಮರಗೆಲಸ ಮಾಡುವ ತಂದೆಯೊಬ್ಬರು, "ಎರಡು ತಿಂಗಳಾತ್ರೀ ಮೇಡಂ, ಇಕಿಗಿ ಅ ಆ ಇ ಈ ಸೈತ ಬರವಲ್ದು" ಎಂದು ಜಗಳಕ್ಕೇ ನಿಂತಿದ್ದರು. ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ, ಮೊದಲು ಬರುವುದು ರ, ಗ, ಸ, ದ, ಅ ಎಂದು ಶಿಕ್ಷಕಿ ವಿವರಿಸುವಷ್ಟರಲ್ಲಿ, ಹುಡುಗಿ ಗೋಡೆಯ ಬುಡದಲ್ಲಿದ್ದ ತನ್ನ ಪಾಲಿನ ಕಪ್ಪುಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೀಮೆಸುಣ್ಣ ಒತ್ತಿ ಒತ್ತಿ 'ಗರಗಸ' ಎಂದು ಬರೆದಳು. ತಂದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ಬಿಟ್ಟುಕೊಡಲು ಮನಸ್ಸಿಲ್ಲದೆ, "ಸುತ್ತಿಗೆ ಬರಿ ನೋಡೋಣ" ಎಂದರು. ಅವಳು ಏಣಿಯತ್ತ ಕೈ ತೋರಿಸಿ, "ಅದು ಇನ್ನಾ ಮ್ಯಾಲದ ಅಪ್ಪಾ" ಎಂದಳು! ಕೊಂಬು, ಒತ್ತಕ್ಷರ ತನಗಿನ್ನೂ ಬಂದಿಲ್ಲವೆಂಬುದು ಆರು ವರ್ಷದ ಮಗುವಿಗೆ ಗೊತ್ತಿತ್ತು. ಐವತ್ತು ಮಕ್ಕಳ ತರಗತಿಯಲ್ಲಿ ಇದು ಶಿಕ್ಷಕರಿಗೇ ಗೊತ್ತಿರುವುದಿಲ್ಲ.

ಕತೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ಹದಿನೆಂಟು ಮಕ್ಕಳಿಗೆ ಇಬ್ಬರೆಂದರೆ ಯಾವ ದುಬಾರಿ ಶಾಲೆ ಕೊಟ್ಟೀತು, ನೀವೇ ಹೇಳಿ. ಆದರೂ ಜನ ಗೇಟಿನಲ್ಲೇ ನಿಂತು "ಎಷ್ಟು ಮಕ್ಕಳಿದ್ದಾರೆ" ಎಂದು ಕೇಳಿ ವಾಪಸಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಖ್ಯ ಶಿಕ್ಷಕರ ಅನುಮತಿ ಪಡೆದು ಒಳಗೆ ಹೋಗಿ, ಒಂದು ಗಂಟೆ ಹಿಂದಿನ ಚಾಪೆಯ ಮೇಲೆ ಕುಳಿತುಕೊಳ್ಳಿ; ಯಾವುದಾದರೊಂದು ಮಗುವನ್ನು ಅದರ ಮೆಟ್ಟಿಲು ಯಾವುದೆಂದು ಕೇಳಿ ನೋಡಿ. ಸೇರಿಸುವ ಮಾತು ಆಮೇಲೆ.