1970ರ ಶೆವೆಲ್‌ಗೆ 408ರ ಎಂಜಿನ್ ಕಟ್ಟಿದ ಬಗೆ

ನಮಸ್ಕಾರ. ಎಂಜಿನ್ ಕೂರಿಸುವ ಮುಂಚಿನ ಈ ದೃಶ್ಯದಲ್ಲಿ ಮೂತಿಯನ್ನು ಮೇಲೆತ್ತಿಕೊಂಡು ನಿಂತಿರುವ ಹಸಿರು ಕಾರು 1970ರ ಶೆವರ್ಲೆ ಶೆವೆಲ್ ಮಾಲಿಬು. ಮುಂದಿನ ಸ್ಪ್ರಿಂಗುಗಳ ಮೇಲೆ ಎಂಜಿನ್ನಿನ ಭಾರವಿಲ್ಲದಿರುವುದರಿಂದ ಅದು ಹೀಗೆ ಬೀಗಿದಂತೆ ಕಾಣುತ್ತಿದೆ. ಮಿಷಿಗನ್ನಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಎರಡು ಚಳಿಗಾಲ ಇದು ಹೀಗೆಯೇ ನಿಂತಿತ್ತು. ಈ ಕಾರಿಗೆಂದು 408 ಕ್ಯುಬಿಕ್ ಇಂಚು ಒಳಗಾತ್ರದ ಒಂದು ಹೊಸ ಎಂಜಿನ್ನನ್ನು ಬಿಡಿಬಿಡಿಯಾಗಿ ಅಳೆದು ಜೋಡಿಸಿದ ಕೆಲಸವನ್ನು ಇಂದಿನ ವಿಡಿಯೊದಲ್ಲಿ ತೋರಿಸುತ್ತೇನೆ. ವೇಗದ ದೃಶ್ಯಗಳನ್ನು ನಿರೀಕ್ಷಿಸಿದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಹೆಚ್ಚಿನ ಹೊತ್ತು ನೀವು ನೋಡುವುದು ಸೂಕ್ಷ್ಮ ಅಳತೆಯ ಉಪಕರಣವಾದ ಮೈಕ್ರೊಮೀಟರನ್ನು.

ಶೆವೆಲ್ ಎಂದೊಡನೆ ಬಲ್ಲವರಿಗೆ ನೆನಪಾಗುವುದು ಅದೇ 1970ರ ಎಸ್‌ಎಸ್ 454, ಅದರಲ್ಲೂ 450 ಅಶ್ವಶಕ್ತಿಯೆಂದು ಕಾರ್ಖಾನೆಯೇ ಘೋಷಿಸಿದ್ದ ಎಲ್‌ಎಸ್6 ಎಂಜಿನ್ನಿನ ಕಾರು. ನನ್ನದು ಅದಲ್ಲ. ಇದು ಮನೆಮಂದಿ ಮಾರುಕಟ್ಟೆಗೆ ಹೋಗಿಬರಲು ಕೊಂಡಿದ್ದ ಸಾಧಾರಣ ಮಾಲಿಬು. ಇದರಲ್ಲಿದ್ದುದು 307 ಕ್ಯುಬಿಕ್ ಇಂಚಿನ, 200 ಅಶ್ವಶಕ್ತಿಯ, ಎಂಟು ಸಿಲಿಂಡರುಗಳ ವಿ8 ಎಂಜಿನ್ ಮತ್ತು ಎರಡೇ ಗೇರುಗಳ ಪವರ್‌ಗ್ಲೈಡ್ ಆಟೊಮ್ಯಾಟಿಕ್. ನಿಜವಾದ ಎಲ್‌ಎಸ್6 ಕಾರೊಂದು ಹುಟ್ಟಿದಾಗಿನ ಎಂಜಿನ್ನಿನೊಂದಿಗೇ ಉಳಿದುಬಂದಿದ್ದರೆ ಅದನ್ನು ಬಿಚ್ಚಿ ಹೊಸದನ್ನು ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಈ ಮಾಲಿಬುವಿನ ವಿಷಯದಲ್ಲಿ ಅಂಥ ಸಂಕೋಚವಿಲ್ಲ, ಆದರೂ ಹಳೆಯ 307ನ್ನು ಎಣ್ಣೆ ಸವರಿ ಮೂಲೆಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ.

ಹಳೆಯ ಕಾರಿಗೆ ಹೊಸ ಎಂಜಿನ್ ಹಾಕುವುದು ಅಪಚಾರವೆಂದು ಬೇಸರಿಸುವವರು ಇದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ದೊಡ್ಡ ಎಂಜಿನ್ನಿನ ಮಸಲ್ ಕಾರಿನ ಹುಟ್ಟೇ ಇಂಥದೊಂದು ಕೆಲಸದಿಂದ ಆದದ್ದು. ಮಧ್ಯಮ ಗಾತ್ರದ ಕಾರುಗಳಿಗೆ 330 ಕ್ಯುಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ಜನರಲ್ ಮೋಟಾರ್ಸ್‌ನ ಒಳನಿಯಮವಿದ್ದ ಕಾಲದಲ್ಲಿ, 1964ರ ಪಾಂಟಿಯಾಕ್ ಟೆಂಪೆಸ್ಟ್ ಲೆಮಾನ್ಸ್‌ಗೆ 389 ಇಂಚಿನ ದೊಡ್ಡ ಎಂಜಿನ್ನನ್ನು ಐಚ್ಛಿಕ ಪ್ಯಾಕೇಜಿನ ನೆಪದಲ್ಲಿ ಕೂರಿಸಿ, ಅದಕ್ಕೆ ಜಿಟಿಒ ಎಂದು ಹೆಸರಿಟ್ಟು ಮಾರಿದರು. ಸಾಧಾರಣ ಕಾರಿನೊಳಗೆ ಅಸಾಧಾರಣ ಎಂಜಿನ್ ತುಂಬುವ ಆ ಉಪಾಯ ಹೆಚ್ಚು ಕಾಲ ನಡೆಯಲಿಲ್ಲ. ಸೀಸವಿಲ್ಲದ ಪೆಟ್ರೋಲಿಗೆ ಹೊಂದಲೆಂದು 1971ರಲ್ಲಿ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ಇಳಿಸಿದರು, 1972ರಿಂದ ಅಶ್ವಶಕ್ತಿಯನ್ನು ಅಳೆಯುವ ಕ್ರಮವನ್ನೇ ಬದಲಿಸಿದರು, ಹೊಗೆಯ ಕಾನೂನುಗಳು ಬಿಗಿಯಾದವು. ಬರುಬರುತ್ತಾ ರಾಯರ ಕುದುರೆ ಕತ್ತೆಯಾಯಿತು ಎನ್ನುವಂತೆ, 1975ರ ಹೊತ್ತಿಗೆ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಮೂಲ ಎಂಜಿನ್ನೇ 165 ಅಶ್ವಶಕ್ತಿಗೆ ಇಳಿದಿತ್ತು.

ಈಗ ಸ್ಟ್ಯಾಂಡಿನ ಮೇಲಿರುವ ಬ್ಲಾಕನ್ನು, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲನ್ನು ನೋಡಿ. ಇದನ್ನು ತಂದದ್ದು ಗುಜರಿಯಿಂದ. ಶೆವರ್ಲೆಯ ಭಾರಿ ಪಿಕಪ್ ಟ್ರಕ್ಕುಗಳಲ್ಲಿ ಬರುತ್ತಿದ್ದ ಎಲ್‌ಕ್ಯು4 ಎಂಬ 6 ಲೀಟರಿನ ಎಂಜಿನ್ ಇದು. ಇಂದು ಎಲ್ಲರೂ ಎಲ್‌ಎಸ್ ಎಂದು ಕರೆಯುವ ಕುಟುಂಬ 1997ರ ಕಾರ್ವೆಟ್‌ನ ಎಲ್‌ಎಸ್1ರೊಂದಿಗೆ ಬಂತು. ಶೆವೆಲ್‌ನ ಎಲ್‌ಎಸ್6ಗೂ ಇದಕ್ಕೂ ಅಕ್ಷರಗಳ ಹೋಲಿಕೆಯ ಹೊರತು ಸಂಬಂಧವಿಲ್ಲ, ಹೊಸಬರು ಇಲ್ಲಿಯೇ ಮೊದಲು ಎಡವುತ್ತಾರೆ. ಅಲ್ಯೂಮಿನಿಯಂ ಬ್ಲಾಕ್ ಹಗುರವೆಂಬುದು ಸತ್ಯ, ಆದರೆ ಬೀಡುಕಬ್ಬಿಣದ ಟ್ರಕ್ ಬ್ಲಾಕ್ ಅಗ್ಗ, ಗಟ್ಟಿ, ಮತ್ತು ಬೋರ್ ಮಾಡಿಸಲು, ಅಂದರೆ ಸಿಲಿಂಡರನ್ನು ಕೊರೆದು ಹಿಗ್ಗಿಸಲು, ಅದರ ಗೋಡೆಗಳಲ್ಲಿ ಸಾಕಷ್ಟು ದಪ್ಪವಿದೆ.

ಒಂದು ಅಳತೆಯನ್ನು ಮಾತ್ರ ಮರೆಯದೆ ತೋರಿಸಬೇಕು. 1955ರಲ್ಲಿ 265 ಕ್ಯುಬಿಕ್ ಇಂಚಿನ ಶೆವರ್ಲೆಯ ಮೊದಲ ಸ್ಮಾಲ್ ಬ್ಲಾಕ್ (ಹಳೆಯ ಸಣ್ಣ ವಿ8 ಕುಟುಂಬ) ಬಂದಾಗ ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ ಸಿಲಿಂಡರಿನ ನಡುವಿಗೆ 4.40 ಇಂಚು ಅಂತರವಿತ್ತು. ಹೊಸ ಕುಟುಂಬವನ್ನು ಹೆಚ್ಚುಕಡಿಮೆ ಬಿಳಿ ಹಾಳೆಯ ಮೇಲೆ ಬರೆದಾಗಲೂ ಈ 4.40ನ್ನು ಹಾಗೆಯೇ ಉಳಿಸಿಕೊಂಡರು. ಮೂಲೆಯಲ್ಲಿರುವ 307ರ ಮೇಲೆ ಪಟ್ಟಿ ಇಟ್ಟರೂ ಅದೇ, ಈ ಎಲ್‌ಕ್ಯು4ರ ಮೇಲೆ ಇಟ್ಟರೂ ಅದೇ. ಉಳಿದದ್ದು ಬಹುಪಾಲು ಬದಲಾಗಿದೆ. ಬ್ಲಾಕಿನ ಗೋಡೆಗಳು ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಗಿಂತ ಕೆಳಗಿನವರೆಗೆ ಇಳಿದಿವೆ, ಕ್ರ್ಯಾಂಕನ್ನು ಹಿಡಿದಿಡುವ ಒಂದೊಂದು ಮೇನ್ ಕ್ಯಾಪನ್ನು ನಾಲ್ಕು ಬೋಲ್ಟುಗಳು ಕೆಳಗಿನಿಂದಲೂ ಎರಡು ಬೋಲ್ಟುಗಳು ಪಕ್ಕದಿಂದಲೂ ಹಿಡಿದಿವೆ, ಕಿಡಿಯ ವಿದ್ಯುತ್ತನ್ನು ಸಿಲಿಂಡರುಗಳಿಗೆ ಹಂಚುತ್ತಿದ್ದ ಡಿಸ್ಟ್ರಿಬ್ಯೂಟರ್ ಮಾಯವಾಗಿ ಪ್ರತಿ ಸಿಲಿಂಡರಿಗೂ ತನ್ನದೇ ಇಗ್ನಿಷನ್ ಕಾಯಿಲ್ ಬಂದಿದೆ, ಸಿಲಿಂಡರುಗಳು ಉರಿಯುವ ಸರದಿಯಾದ ಫೈರಿಂಗ್ ಆರ್ಡರ್ ಕೂಡ 1-8-4-3-6-5-7-2ರ ಬದಲು 1-8-7-2-6-5-4-3 ಆಗಿದೆ.

ನಮ್ಮೂರ ಕಡೆ ಲಾರಿಯೊಂದು ಹೊಗೆ ಉಗುಳುತ್ತಾ ಎಣ್ಣೆ ಕುಡಿಯತೊಡಗಿದರೆ ಎಂಜಿನ್ ಬೋರಿಗೆ ಬಂದಿದೆ ಎನ್ನುತ್ತಾರೆ. ಹುಬ್ಬಳ್ಳಿಯ ಲೇತ್ ಅಂಗಡಿಗಳ ಮುಂದೆ ಬಿಚ್ಚಿಟ್ಟ ಬ್ಲಾಕುಗಳನ್ನು ನೋಡುತ್ತಾ ಬೆಳೆದ ನನಗೆ ಬೋರ್ ಎಂದರೆ ಸವೆದದ್ದನ್ನು ಸರಿಪಡಿಸುವ ಕೆಲಸ. ಇಲ್ಲಿ ಅದೇ ಕೆಲಸ ಬೇರೆ ಉದ್ದೇಶಕ್ಕೆ ನಡೆಯುತ್ತದೆ. 4.000 ಇಂಚಿನ ಸಿಲಿಂಡರನ್ನು 4.030 ಇಂಚಿಗೆ ಹಿಗ್ಗಿಸಿ, 3.622 ಇಂಚಿನ ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಮೂಲ ಕ್ರ್ಯಾಂಕ್ ಬದಲು 4.000 ಇಂಚಿನ, ಬಡಿದು ರೂಪಿಸಿದ ಫೋರ್ಜ್ಡ್ ಕ್ರ್ಯಾಂಕ್ ಹಾಕಿದರೆ, 364 ಕ್ಯುಬಿಕ್ ಇಂಚಿನ ಎಂಜಿನ್ 408 ಆಗುತ್ತದೆ, ಎಂದರೆ ಸುಮಾರು 6.7 ಲೀಟರ್. ಹೊರಗಿನಿಂದ ನೋಡಿದವರಿಗೆ ಇದು ಅದೇ ಟ್ರಕ್ಕಿನ ಎಂಜಿನ್.

ಆದರೆ ಉದ್ದದ ಸ್ಟ್ರೋಕ್ ಪುಕ್ಕಟೆ ಸಿಗುವುದಿಲ್ಲ. 6500 ಆರ್‌ಪಿಎಂನಲ್ಲಿ ಈ ಪಿಸ್ಟನ್ನುಗಳ ಸರಾಸರಿ ವೇಗ ಸೆಕೆಂಡಿಗೆ 22 ಮೀಟರ್ ಆಗುತ್ತದೆ, ಮತ್ತು ಪ್ರತಿ ಸುತ್ತಿನಲ್ಲೂ ಅವು ಎರಡು ಬಾರಿ ಪೂರ್ತಿ ನಿಂತು ದಿಕ್ಕು ಬದಲಿಸಬೇಕು. ಆ ಎಳೆತವನ್ನು ತಡೆಯುವುದು ಕನೆಕ್ಟಿಂಗ್ ರಾಡ್ ಮತ್ತು ಅದರ ಎರಡು ಬೋಲ್ಟುಗಳು. ಹೀಗಾಗಿ ನನ್ನ ದುಡ್ಡಿನ ಹೆಚ್ಚಿನ ಪಾಲು ಕೆಳಭಾಗಕ್ಕೆ, ಅಂದರೆ ಫೋರ್ಜ್ಡ್ ಕ್ರ್ಯಾಂಕ್, ರಾಡ್, ಪಿಸ್ಟನ್ ಮತ್ತು ಬೋಲ್ಟುಗಳಿಗೆ ಹೋಯಿತು. ಮೇಲ್ಭಾಗಕ್ಕೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ, ಟ್ರಕ್ಕಿನ ಅಲ್ಯೂಮಿನಿಯಂ ಹೆಡ್ಡುಗಳನ್ನೇ ತೊಳೆದು, ವಾಲ್ವ್ ಸೀಟುಗಳನ್ನು ಹೊಸದಾಗಿ ಕೊರೆಸಿ, ಸ್ಪ್ರಿಂಗ್ ಬದಲಿಸಿ ಇಟ್ಟುಕೊಂಡೆ. ಚರ್ಚಿನ ಕಮಾನು ಕಿಟಕಿಯಂತೆ ಎತ್ತರವಾಗಿ ಕಿರಿದಾಗಿರುವ ಇವುಗಳ ಪೋರ್ಟುಗಳ (ಗಾಳಿ ಹಾದುಹೋಗುವ ದಾರಿಗಳ) ಬಗ್ಗೆ ಹಲವರಿಗೆ ಅಸಡ್ಡೆ ಇದೆ, ಆದರೆ ರಸ್ತೆಯ ಮೇಲೆ ಓಡುವ ಕಾರಿಗೆ ಇವು ಧಾರಾಳ ಸಾಕು.

ಬೋರಿಂಗ್ ಮತ್ತು ಹೋನಿಂಗ್ (ಸಿಲಿಂಡರಿನ ಗೋಡೆಯನ್ನು ಉಜ್ಜಿ ನಯಗೊಳಿಸುವ) ಕೆಲಸವನ್ನು ಮಷಿನ್ ಶಾಪ್‌ಗೆ ಕೊಟ್ಟಿದ್ದೆ. ಕೊಡುವಾಗ ನಾನು ಹಾಕಿದ ಷರತ್ತು ಒಂದೇ, ಹೋನಿಂಗ್ ಮಾಡುವಾಗ ಬ್ಲಾಕಿನ ಮೇಲೆ ಟಾರ್ಕ್ ಪ್ಲೇಟ್ ಬಿಗಿದಿರಬೇಕು. ಹೆಡ್ಡಿನ ಬೋಲ್ಟುಗಳನ್ನು ಬಿಗಿದಾಗ ಕಬ್ಬಿಣದ ಸಿಲಿಂಡರ್ ಕೂಡ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಬಿಗಿಯದೆ ದುಂಡಗೆ ಉಜ್ಜಿದ ಸಿಲಿಂಡರ್ ಹೆಡ್ ಕೂರಿಸಿದ ಮೇಲೆ ದುಂಡಗೆ ಉಳಿಯುವುದಿಲ್ಲ, ಆಗ ರಿಂಗುಗಳು ಗೋಡೆಗೆ ಸರಿಯಾಗಿ ಕೂರುವುದಿಲ್ಲ. ದಪ್ಪ ತಟ್ಟೆಯೊಂದನ್ನು ಹೆಡ್ಡಿನ ಜಾಗದಲ್ಲಿ ಬಿಗಿದು, ಆ ಸೊಟ್ಟವನ್ನು ಮೊದಲೇ ಬರಿಸಿ, ಅದರ ಮೇಲೆ ದುಂಡಗೆ ಮಾಡುವುದೇ ಇದರ ಮರ್ಮ.

ಬ್ಲಾಕ್ ಮನೆಗೆ ಬಂದ ಮೇಲೆ ಸೋಪಿನ ಬಿಸಿನೀರಿನಲ್ಲಿ ಅದನ್ನು ಮೂರು ಬಾರಿ ತೊಳೆದೆ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದಿಬಣ್ಣ ಹತ್ತದಿರುವವರೆಗೆ. ಅನಂತರದ್ದು ಅಳತೆಯ ಕೆಲಸ. ಲೇತ್ ಅಂಗಡಿಯವರು ಇಂಚಿನ ಸಾವಿರದ ಒಂದು ಭಾಗವನ್ನು ಥೌ ಎನ್ನುತ್ತಾರಲ್ಲ, ಇಲ್ಲಿ ಎಲ್ಲ ಲೆಕ್ಕವೂ ಅದರಲ್ಲೇ. ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗವನ್ನು ಜರ್ನಲ್ ಎನ್ನುತ್ತಾರೆ. ಮೇನ್ ಜರ್ನಲ್ಲಿನ ವ್ಯಾಸ 2.559 ಇಂಚು, ರಾಡ್ ಜರ್ನಲ್ಲಿನದು 2.100. ಒಂದು ಇಂಚು ವ್ಯಾಸಕ್ಕೆ ಒಂದು ಥೌ ಸಡಿಲ ಎಂಬುದು ಹಳೆಯ ಲೆಕ್ಕ. ಅದರಂತೆ ಮೇನ್ ಬೇರಿಂಗಿಗೆ ಎರಡೂವರೆ, ರಾಡ್ ಬೇರಿಂಗಿಗೆ ಎರಡು ಥೌ ಅಂತರ ಬೇಕು. ಕ್ಯಾಪುಗಳನ್ನು ಪೂರ್ತಿ ಬಿಗಿದು, ಬೋರ್ ಗೇಜಿನಿಂದ ಒಳಗಿನ ವ್ಯಾಸವನ್ನೂ ಮೈಕ್ರೊಮೀಟರಿನಿಂದ ಜರ್ನಲ್ಲನ್ನೂ ಅಳೆದು ಕಳೆದಾಗ, ಐದರಲ್ಲಿ ನಾಲ್ಕು ಮೇನ್ ಬೇರಿಂಗುಗಳು ಸರಿಯಾಗಿ ಬಂದವು, ಮೂರನೆಯದು ಮಾತ್ರ ಒಂದೂಮುಕ್ಕಾಲು ಥೌ ತೋರಿಸಿತು. ಮುಕ್ಕಾಲು ಥೌ ಎಂದರೆ ಮಿಲಿಮೀಟರಿನ ನೂರನೇ ಎರಡು ಭಾಗ. ಆದರೂ ಅಲ್ಲಿ ಎಣ್ಣೆಯ ಪೊರೆ ತೆಳುವಾದರೆ ಬೇರಿಂಗ್ ಬಿಸಿಯಾಗಿ ಹಿಡಿದುಕೊಳ್ಳುವ ಅಪಾಯವಿದೆ. ಒಂದು ಥೌ ಹೆಚ್ಚು ಸಡಿಲ ಕೊಡುವ ಬೇರಿಂಗ್ ಚಿಪ್ಪುಗಳು ಸಿಗುತ್ತವೆ. ಅಂಥದೊಂದು ಚಿಪ್ಪನ್ನು ಮಾಮೂಲು ಚಿಪ್ಪಿನ ಜೊತೆ ಜೋಡಿಸಿದರೆ ಅರ್ಧ ಥೌ ಸಡಿಲವಾಗುತ್ತದೆ. ಹಾಗೆ ಜೋಡಿಸಿ ಎರಡೂಕಾಲಿಗೆ ತಂದು ಸಮಾಧಾನ ಪಟ್ಟುಕೊಂಡೆ.

ಪಿಸ್ಟನ್ ರಿಂಗಿನ ಬಾಯಿಯ ಅಂತರವೂ ಹೀಗೆಯೇ. ಬಿಸಿಯಾದಾಗ ರಿಂಗ್ ಹಿಗ್ಗುತ್ತದೆ, ಎರಡು ತುದಿಗಳು ಒಂದಕ್ಕೊಂದು ತಾಗಿದರೆ ಪಿಸ್ಟನ್ನಿನ ತಲೆಯೇ ಕಿತ್ತುಬರಬಹುದು. ಟರ್ಬೊ ಇಲ್ಲದ ಎಂಜಿನ್ನಿಗೆ ಸಿಲಿಂಡರಿನ ವ್ಯಾಸದ ಪ್ರತಿ ಇಂಚಿಗೆ ನಾಲ್ಕೂವರೆ ಥೌ ಎಂಬ ಲೆಕ್ಕ ಹಿಡಿದು, ಮೇಲಿನ ರಿಂಗುಗಳನ್ನು 18 ಥೌಗೆ ಒಂದೊಂದಾಗಿ ಅರೆದೆ. ಕೈಯಿಂದ ತಿರುಗಿಸುವ ಪುಟ್ಟ ಅರೆಯುವ ಚಕ್ರದಲ್ಲಿ ಎರಡು ಸುತ್ತು, ಸಿಲಿಂಡರಿನೊಳಗೆ ಇಟ್ಟು ಫೀಲರ್ ಗೇಜಿನಿಂದ ನೋಡುವುದು, ಮತ್ತೆ ಒಂದು ಸುತ್ತು. ಇಡೀ ಭಾನುವಾರ ಇದಕ್ಕೇ ಹೋಯಿತು. ಹೆಂಡತಿ ಎರಡು ಸಲ ಕಾಫಿ ತಂದಿಟ್ಟು, ಎರಡು ಸಲವೂ ಆರಿದ ಲೋಟವನ್ನು ಒಯ್ದಳು.

ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಗುಡುಗುಡು ಎಂದು ನಡುಗುವ ದೊಡ್ಡ ಕ್ಯಾಮ್ ಕೇಳಲು ಚೆಂದ, ಓಡಿಸಲು ಹಿಂಸೆ, ಆದ್ದರಿಂದ ಮಿತವಾದ ಹೈಡ್ರಾಲಿಕ್ ರೋಲರ್ ಕ್ಯಾಮ್ ಆರಿಸಿಕೊಂಡೆ. ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗವನ್ನು ಮಾತ್ರ ಮಕ್ಕಳಾಡುವ ಜೇಡಿಯನ್ನು ಪಿಸ್ಟನ್ನಿನ ಮೇಲಿಟ್ಟು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಒತ್ತಿದ ಜೇಡಿಯನ್ನು ಕತ್ತರಿಸಿ ಅಳೆದೆ.

ನಾನು ಎಡವಿದ್ದು ಎಣ್ಣೆಯ ಹಾದಿಯಲ್ಲಿ. ಹಳೆಯ ಸ್ಮಾಲ್ ಬ್ಲಾಕಿನಲ್ಲಿ ಡಿಸ್ಟ್ರಿಬ್ಯೂಟರ್ ತೂತಿನಿಂದ ಉದ್ದ ಕಡ್ಡಿ ಇಳಿಸಿ, ಡ್ರಿಲ್ ಮಷಿನ್ನಿನಿಂದ ಆಯಿಲ್ ಪಂಪನ್ನು ತಿರುಗಿಸಿ, ಮೊದಲ ಸ್ಟಾರ್ಟ್‌ಗೆ ಮುಂಚೆಯೇ ಎಲ್ಲ ಬೇರಿಂಗುಗಳಿಗೂ ಎಣ್ಣೆ ಮುಟ್ಟಿಸಬಹುದಿತ್ತು. ಎಲ್‌ಎಸ್‌ನಲ್ಲಿ ಪಂಪ್ ಕ್ರ್ಯಾಂಕಿನ ಮೂತಿಯ ಮೇಲೇ ಕೂತಿದೆ, ಕ್ರ್ಯಾಂಕ್ ತಿರುಗದೆ ಪಂಪ್ ತಿರುಗದು. ಆದ್ದರಿಂದ ಗಾಳಿಯ ಒತ್ತಡ ತುಂಬಿದ ಡಬ್ಬಿಯಿಂದ ಎಣ್ಣೆಯನ್ನು ಒಳಗೆ ತಳ್ಳಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟು ಸ್ಟಾರ್ಟರಿನಿಂದ ಎಂಜಿನ್ನನ್ನು ತಿರುಗಿಸಿದೆ. ಗೇಜಿನ ಮುಳ್ಳು ಮೇಲೇರಿ, ನಡುಗಿ, ಮತ್ತೆ ಬಿದ್ದುಹೋಯಿತು. ಪಂಪಿಗೆ ಎಣ್ಣೆ ಹೀರುವ ಕೊಳವೆಯ ತುದಿಯಲ್ಲಿ ರಬ್ಬರಿನ ಒಂದು ಓ-ರಿಂಗ್ ಇರುತ್ತದೆ. ಕೊಳವೆಗಳಲ್ಲಿ ಎರಡು ಬಗೆಯಿವೆ, ಅದಕ್ಕೆ ತಕ್ಕಂತೆ ಓ-ರಿಂಗಿನ ದಪ್ಪವೂ ಬೇರೆ. ಪ್ಯಾಕೆಟ್ಟಿನಲ್ಲಿದ್ದ ಹಲವಾರು ರಿಂಗುಗಳಲ್ಲಿ ನಾನು ಎತ್ತಿಕೊಂಡಿದ್ದು ತೆಳುವಾದದ್ದು, ಅದರ ಪಕ್ಕದಿಂದ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಹೀರುತ್ತಿತ್ತು. ಸಾವಿರಾರು ಡಾಲರಿನ ಕ್ರ್ಯಾಂಕನ್ನು ಥೌ ಲೆಕ್ಕದಲ್ಲಿ ಅಳೆದವನು ಒಂದು ಡಾಲರೂ ಬಾಳದ ರಬ್ಬರನ್ನು ಕಣ್ಣಂದಾಜಿನಲ್ಲಿ ಹಾಕಿದ್ದೆ. ಆಯಿಲ್ ಪ್ಯಾನ್ ಬಿಚ್ಚಿ ಸರಿಪಡಿಸಿದ ಮೇಲೆ ಮುಳ್ಳು 50 ಪಿಎಸ್‌ಐ ಹತ್ತಿರ ಏರಿ ನಿಂತಿತು.

ಟ್ರಕ್ಕಿನ ಆಯಿಲ್ ಪ್ಯಾನ್ ಶೆವೆಲ್‌ಗೆ ತೀರಾ ಆಳ, ಚಾಸಿಯ ಅಡ್ಡಪಟ್ಟಿಗೆ ತಾಗುತ್ತದೆ. ಆದ್ದರಿಂದ ಇಂಥ ಕಾರುಗಳಿಗೆಂದೇ ಮಾಡಿದ ಗಿಡ್ಡ ಪ್ಯಾನ್ ಹಾಕಿದ್ದೇನೆ. ಟ್ರಕ್ಕಿನ ಎತ್ತರದ ಇನ್‌ಟೇಕ್ ಬಾನೆಟ್ಟಿಗೆ ಬಡಿಯುತ್ತಿತ್ತು, ಅದರ ಬದಲು ಕಾರಿನ ತಗ್ಗಿನ ಇನ್‌ಟೇಕ್ ಬಂತು. ಹಳೆಯ ಎಂಜಿನ್ ಕೂರುತ್ತಿದ್ದ ಜಾಗದಲ್ಲೇ ಹೊಸದನ್ನು ನಿಲ್ಲಿಸಲು ಅಡಾಪ್ಟರ್ ತಟ್ಟೆಗಳಿವೆ, ಆದ್ದರಿಂದ ಚಾಸಿಯನ್ನು ಎಲ್ಲಿಯೂ ಕೊಯ್ದಿಲ್ಲ. ಕಾರ್ಬ್ಯುರೇಟರಿಗೆ ಐದಾರು ಪಿಎಸ್‌ಐ ಒತ್ತಡದ ಪೆಟ್ರೋಲ್ ಸಾಕಾಗಿತ್ತು, ಇಂಜೆಕ್ಟರುಗಳಿಗೆ 58 ಬೇಕು, ಆದ್ದರಿಂದ ಟ್ಯಾಂಕಿನೊಳಗೇ ಎಲೆಕ್ಟ್ರಿಕ್ ಪಂಪ್ ಇಳಿಸಿ ಪೈಪುಗಳನ್ನು ಹೊಸದಾಗಿ ಎಳೆದಿದ್ದೇನೆ. ಹೆಡ್ಡುಗಳ ಮೂಲೆಯಲ್ಲಿ ಆವಿ ಹೊರಬರುವ ಸಣ್ಣ ಕೊಳವೆಗಳನ್ನು ರೇಡಿಯೇಟರಿಗೆ ಜೋಡಿಸುವುದನ್ನು ಮರೆಯಬಾರದು. ಮುಚ್ಚಿಬಿಟ್ಟರೆ ಆವಿ ಅಲ್ಲೇ ಸಿಕ್ಕಿಕೊಂಡು, ಗೇಜು ತಣ್ಣಗಿದೆ ಎನ್ನುತ್ತಿರುವಾಗಲೇ ಹೆಡ್ ಕುದಿಯುತ್ತಿರುತ್ತದೆ.

ಈಗ ಕೇಳುತ್ತಿರುವುದು ಕಳೆದ ಶನಿವಾರದ ಮೊದಲ ಸ್ಟಾರ್ಟ್. ಲ್ಯಾಪ್‌ಟಾಪಿನಲ್ಲಿ ಫೈರಿಂಗ್ ಆರ್ಡರನ್ನು ಮತ್ತೊಮ್ಮೆ ಪರೀಕ್ಷಿಸಿ ಕೀಲಿ ತಿರುಗಿಸಿದಾಗ ಎರಡನೆಯ ಪ್ರಯತ್ನಕ್ಕೆ ಹತ್ತಿಕೊಂಡಿತು. ಇಪ್ಪತ್ತು ನಿಮಿಷ ಓಡಿಸಿ, ಆರಿಸಿ, ಆಯಿಲ್ ಫಿಲ್ಟರನ್ನು ಕತ್ತರಿಸಿ ಅದರ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದೆ. ಹೊಸ ರಿಂಗುಗಳು ಉದುರಿಸಿದ ನುಣ್ಣನೆಯ ಬೂದಿಪುಡಿ ಇತ್ತು, ಬೇರಿಂಗ್ ಸವೆದರೆ ಕಾಣುವ ತಾಮ್ರದ ಬಣ್ಣ ಎಲ್ಲಿಯೂ ಕಾಣಲಿಲ್ಲ. ಮೂರನೆಯ ಬೇರಿಂಗಿನ ಬಗ್ಗೆ ನನಗಿದ್ದ ದಿಗಿಲು ಆಗ ಇಳಿಯಿತು.

ಎಷ್ಟು ಅಶ್ವಶಕ್ತಿ ಎಂದು ಕೇಳಬೇಡಿ, ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಏರಿಸುವ ಮುನ್ನ ನಾನು ಸಂಖ್ಯೆ ಹೇಳುವುದಿಲ್ಲ. ಕಾರು ಇನ್ನೂ ಗ್ಯಾರೇಜಿನಿಂದ ಹೊರಗೆ ಬಂದಿಲ್ಲ. ನಾಲ್ಕೂ ಗಾಲಿಗಳಲ್ಲಿರುವುದು 307ಕ್ಕೆಂದು ಕೊಟ್ಟಿದ್ದ ಡ್ರಮ್ ಬ್ರೇಕುಗಳೇ. ಮುಂದಿನ ಗಾಲಿಗಳ ಡಿಸ್ಕ್ ಬ್ರೇಕಿನ ಪೆಟ್ಟಿಗೆ ನಿನ್ನೆ ಬಂದಿದೆ, ನಿಮ್ಮ ಎಡಕ್ಕೆ, ಹಳೆಯ ಎಂಜಿನ್ನಿನ ಪಕ್ಕದಲ್ಲಿ ಕಾಣುತ್ತಿರುವುದು ಅದೇ.