ದಾವೀದ ವಾಸಿ ಮಾಡಲಿಲ್ಲ, ಊಟಕ್ಕೆ ಕರೆದ

ಎಲ್ಲರಿಗೂ ವಂದನೆಗಳು. ಬೆಳಗಾವಿಯಿಂದ ಮಾತಾಡುತ್ತಿದ್ದೇನೆ. ಇವತ್ತಿನ ಮಾತು ಸ್ವಲ್ಪ ಖಾರ ಅನ್ನಿಸಬಹುದು. ನಮ್ಮ ಸಭೆಯ ಹಿರಿಯರ ಕಿವಿಗೂ ಬೀಳಲಿ ಅಂತಲೇ ಹೇಳುತ್ತಿದ್ದೇನೆ.

ನನ್ನ ಮಗನಿಗೆ ಆಟಿಸಂ ಇದೆ. ಈಗ 16 ವರ್ಷ. ಆಡುವ ಮಾತು ಬಹಳ ಕಡಿಮೆ. ಪ್ರಾರ್ಥನೆ ಕೂಟಕ್ಕೆ ಹೊಸಬರು ಬಂದರೆ ಮೊದಲು ಅವನನ್ನು ನೋಡುತ್ತಾರೆ, ಆಮೇಲೆ ನನ್ನನ್ನು. "ಅಕ್ಕಾರ, ನೀವು ವಿಶ್ವಾಸ ಇಟ್ಟು ಪ್ರಾರ್ಥನಾ ಮಾಡೀರೇನ್ರೀ?" ಅಂತ ಕೇಳುತ್ತಾರೆ. ಪಾಪ, ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಆದರೆ ಆ ಪ್ರಶ್ನೆಯೊಳಗೆ ಒಂದು ಲೆಕ್ಕ ಅಡಗಿದೆ. ವಿಶ್ವಾಸ ಪೂರ್ತಿ ಇದ್ದರೆ ಮಗು ವಾಸಿಯಾಗುತ್ತದೆ. ಮಗು ವಾಸಿಯಾಗಿಲ್ಲ. ಹಾಗಾದರೆ ಎಲ್ಲೋ ವಿಶ್ವಾಸ ಕಮ್ಮಿ ಬಿದ್ದಿದೆ. ಯಾರದು? ಅಪ್ಪ ಅವ್ವಂದೇ, ಅಲ್ವಾ?

ಈ ಲೆಕ್ಕವೇ ತಪ್ಪು ಅನ್ನುವುದು ನನ್ನ ವಾದ. ಸತ್ಯವೇದ ತೆರೆದು ತೋರಿಸಬಲ್ಲೆ.

ಮಾರ್ಕನ ಸುವಾರ್ತೆ 9ನೇ ಅಧ್ಯಾಯ ನೋಡಿ. ಒಬ್ಬ ಅಪ್ಪ ಮಗನನ್ನು ಕರೆದುಕೊಂಡು ಬರುತ್ತಾನೆ. ಆ ಹುಡುಗ ಬಿದ್ದು ಹೊರಳಾಡುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ. ಮನೆಯಲ್ಲಿ ಫಿಟ್ಸ್ ಬರುವ ಮಗು ಇರುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಸಲ ಬೆಂಕಿಯಲ್ಲೂ ನೀರಲ್ಲೂ ಬಿದ್ದಿದ್ದಾನೆ ಅಂತ ಅಪ್ಪ ಹೇಳುತ್ತಾನೆ. ಇವತ್ತಿಗೂ ಅಂಥ ಮನೆಯವರು ಕಾಯುವುದು ಒಲೆಯ ಮುಂದೆ, ಬಚ್ಚಲಲ್ಲಿ, ಬಾವಿಯ ಹತ್ತಿರ. ಆ ಅಪ್ಪ ಯೇಸುವಿನ ಹತ್ತಿರ ಏನು ಕೇಳಿದ? "ನಿನ್ನ ಕೈಲಾದರೆ" ಸಹಾಯ ಮಾಡು ಅಂದ. ಅದೂ ಅನುಮಾನದ ಮಾತೇ. ನಂಬುವವನಿಗೆ ಎಲ್ಲವೂ ಆಗುತ್ತದೆ ಅಂತ ಯೇಸು ಹೇಳಿದಾಗ ಆತ ಕೂಗಿ ಹೇಳಿದ್ದು, ನಂಬುತ್ತೇನೆ, ನನ್ನ ನಂಬಿಕೆ ಸಾಲದು, ಅದಕ್ಕೂ ನೀನೇ ಸಹಾಯ ಮಾಡು ಅಂತ.

ಯೇಸುವಿನ ಆ ಮಾತು 23ನೇ ವಚನ. ಅದು ನಮ್ಮ ಮನೆಗಳ ಕ್ಯಾಲೆಂಡರ್ ಮೇಲೆ, ಗಾಡಿಗಳ ಹಿಂದೆ, ಎಲ್ಲ ಕಡೆ ಇದೆ. ಅಪ್ಪನ ಮಾತು 24. ಅದನ್ನು ಯಾವ ಕ್ಯಾಲೆಂಡರ್‌ನಲ್ಲೂ ನಾನು ನೋಡಿಲ್ಲ.

"ಆದರೆ ಆ ಹುಡುಗ ವಾಸಿಯಾದನಲ್ಲ" ಅಂತ ನೀವು ಕೇಳಬಹುದು. ಹೌದು, ಆದ. ದೇವರು ವಾಸಿ ಮಾಡುವುದಿಲ್ಲ ಅಂತ ನಾನೂ ಹೇಳುತ್ತಿಲ್ಲ. ಅರ್ಧ ನಂಬಿಕೆಯ ಅಪ್ಪನನ್ನು ಯೇಸು ವಾಪಸ್ ಕಳಿಸಲಿಲ್ಲ, ಅಷ್ಟನ್ನೇ ಹೇಳುತ್ತಿದ್ದೇನೆ. ಇನ್ನೊಂದು ಕಡೆ ಅಪೊಸ್ತಲ ಪೌಲನಿದ್ದಾನೆ. ಅವನ ವಿಶ್ವಾಸ ಕಡಿಮೆ ಅಂತ ಹೇಳುವ ಧೈರ್ಯ ಯಾರಿಗಿದೆ? ತನ್ನ ಶರೀರದ ಮುಳ್ಳನ್ನು ತೆಗೆ ಅಂತ ಅವನು ಮೂರು ಸಲ ಬೇಡಿಕೊಂಡ. ದೇವರು ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು. ಅರ್ಧ ನಂಬಿಕೆಯವನಿಗೆ ಸಿಕ್ಕಿದ್ದು ಪೂರ್ತಿ ನಂಬಿಕೆಯವನಿಗೆ ಸಿಗಲಿಲ್ಲ. ಈಗ ಆ ಲೆಕ್ಕ ಹಾಕಿ ನೋಡೋಣ.

ಗುಳಿಗೆಯ ವಿಷಯ ಒಂದು ಹೇಳಿ ಮುಂದೆ ಹೋಗುತ್ತೇನೆ. ಮಾರ್ಕನ ಇದೇ ಅಧ್ಯಾಯ ಓದಿ, ಫಿಟ್ಸ್ ಗುಳಿಗೆ ಬಿಟ್ಟುಬಿಡಿ, ದೇವರ ಮೇಲೆ ಭಾರ ಹಾಕಿ ಅಂತ ಹೇಳುವ ಬೋಧಕರು ಇದ್ದಾರೆ. ದಯವಿಟ್ಟು ಬಿಡಬೇಡಿ. ಫಿಟ್ಸ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮತ್ತೆ ಶುರುವಾಗಿ, ನಿಲ್ಲದೆ ಬರುತ್ತಲೇ ಇದ್ದು, ಜೀವಕ್ಕೇ ಕುತ್ತಾಗಬಹುದು. ಕಡಿಮೆ ಮಾಡುವುದಿದ್ದರೆ ಡಾಕ್ಟರೇ ನಿಧಾನವಾಗಿ ಮಾಡುತ್ತಾರೆ. ಸುವಾರ್ತೆ ಬರೆದ ಲೂಕನೂ ವೈದ್ಯನಾಗಿದ್ದ, ನೆನಪಿರಲಿ. ಪ್ರಾರ್ಥನೆ ಮಾಡಿ, ಗುಳಿಗೆಯನ್ನೂ ಕೊಡಿ.

ಇನ್ನು ಪಾಪದ ಮಾತು. ಬಸುರಿಯಾಗಿದ್ದಾಗ ಗ್ರಹಣ ನೋಡಿದಳಂತೆ, ಯಾರದೋ ಮನೆಯಲ್ಲಿ ಉಂಡಳಂತೆ, ಹಿರಿಯರು ಮೂರ್ತಿ ಪೂಜೆ ಮಾಡುತ್ತಿದ್ದರಂತೆ, ಅದರ ಶಾಪವಂತೆ. ದೀಕ್ಷಾಸ್ನಾನ ಆದ ಮೇಲೂ ಗ್ರಹಣ ಮಾತ್ರ ನಮ್ಮನ್ನು ಬಿಟ್ಟಿಲ್ಲ ನೋಡಿ! ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಇದನ್ನೇ ಕೇಳಿದ್ದರು, ಪಾಪ ಮಾಡಿದ್ದು ಇವನೋ ಇವನ ತಂದೆ ತಾಯಿಯೋ ಅಂತ. ಇಬ್ಬರೂ ಅಲ್ಲ ಅಂತ ಯೇಸು ಹೇಳಿಬಿಟ್ಟ. ಯೋಹಾನ 9ರಲ್ಲಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುತ್ತದೆ ಅಂತ 1959ರಲ್ಲಿ ಲೋಕಕ್ಕೆ ತಿಳಿಯಿತು. ಅದನ್ನು ಪ್ರಕಟಿಸಿದವರಲ್ಲಿ ಮುಖ್ಯರಾದ ಫ್ರಾನ್ಸ್‌ನ ಜೆರೋಮ್ ಲೆಜೂನ್ ಶ್ರದ್ಧೆಯ ಕಥೋಲಿಕರು. ಕಾರಣ ಹುಡುಕುವ ಕೆಲಸವನ್ನು ಪ್ರಯೋಗಾಲಯದಲ್ಲಿ ಮಾಡಿದರು, ತಾಯಂದಿರ ನಡತೆಯಲ್ಲಿ ಹುಡುಕಲಿಲ್ಲ.

ಸರಿ, ಈಗ ನನಗೆ ಬಹಳ ಇಷ್ಟವಾದ ಕಥೆಗೆ ಬರುತ್ತೇನೆ. ಮೆಫೀಬೋಶೆತನ ಕಥೆ. ಸಂಡೆ ಸ್ಕೂಲಿನಲ್ಲಿ ಇದನ್ನು ಒಂದು ಭಾನುವಾರ ಹೇಳಿ ಮುಗಿಸುತ್ತಾರೆ. ದಾವೀದ ಎಷ್ಟು ಒಳ್ಳೆಯವನು ಅನ್ನುವುದೇ ಅದರ ಪಾಠ. ಕಥೆ ಅಷ್ಟಕ್ಕೆ ನಿಲ್ಲುವುದಿಲ್ಲ.

ಮೆಫೀಬೋಶೆತ ದಾವೀದನ ಗೆಳೆಯ ಯೋನಾತಾನನ ಮಗ, ದಾವೀದನಿಗಿಂತ ಮುಂಚೆ ಇಸ್ರಾಯೇಲಿನ ಅರಸನಾಗಿದ್ದ ಸೌಲನ ಮೊಮ್ಮಗ. ಅವನಿಗೆ ಐದು ವರ್ಷವಿದ್ದಾಗ ಅಪ್ಪನೂ ಅಜ್ಜನೂ ಯುದ್ಧದಲ್ಲಿ ಸತ್ತ ಸುದ್ದಿ ಬರುತ್ತದೆ. ದಾದಿ ಮಗುವನ್ನು ಎತ್ತಿಕೊಂಡು ಓಡುತ್ತಾಳೆ. ಅವಸರದಲ್ಲಿ ಮಗು ಬೀಳುತ್ತದೆ, ಎರಡೂ ಕಾಲು ಕುಂಟಾಗುತ್ತವೆ. ಇಲ್ಲಿ ಸ್ವಲ್ಪ ನಿಲ್ಲಿ. ಸತ್ಯವೇದ ಆ ದಾದಿಯನ್ನು ಒಂದು ಮಾತೂ ಬೈಯುವುದಿಲ್ಲ. ಅವಳು ಮಗುವಿನ ಜೀವ ಉಳಿಸಲು ಓಡಿದವಳು. ನಮ್ಮ ಓಣಿಯಲ್ಲಾಗಿದ್ದರೆ ಅವಳಿಗೆ ಸಾಯುವ ತನಕ ಚುಚ್ಚುಮಾತು ತಪ್ಪುತ್ತಿರಲಿಲ್ಲ.

ವರ್ಷಗಳು ಕಳೆದ ಮೇಲೆ, ಅರಸನಾದ ದಾವೀದ ಅವನನ್ನು ಹುಡುಕಿಸುತ್ತಾನೆ. ಅವನು ಲೋದೆಬಾರ್ ಅನ್ನುವ ಊರಲ್ಲಿ ಇನ್ನೊಬ್ಬರ ಮನೆಯಲ್ಲಿರುತ್ತಾನೆ. ಕರೆಸಿದಾಗ ನಡುಗುತ್ತಾ ಬರುತ್ತಾನೆ. ಸತ್ತ ನಾಯಿಯಂಥವನು ನಾನು ಅಂತ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ಇಂಥ ಮಾತನ್ನು ಯಾರೂ ಹೊಟ್ಟೆಯಲ್ಲಿ ಹೊತ್ತು ಹುಟ್ಟುವುದಿಲ್ಲ, ಸುತ್ತಲಿನವರಿಂದ ಕೇಳಿ ಕೇಳಿ ಕಲಿಯುತ್ತಾರೆ. ದಾವೀದ ಅವನಿಗೆ ಹೆದರಬೇಡ ಅಂದ. ಅಜ್ಜನ ಹೊಲವನ್ನೆಲ್ಲ ಅವನ ಹೆಸರಿಗೆ ವಾಪಸ್ ಕೊಟ್ಟ. ದಿನಾ ನನ್ನ ಪಂಕ್ತಿಯಲ್ಲೇ ಊಟ ಮಾಡು ಅಂದ. ಆ ಅಧ್ಯಾಯದ ಕೊನೆಯ ಮಾತು ಏನು ಗೊತ್ತಾ? ಅವನ ಎರಡು ಕಾಲೂ ಕುಂಟಾಗಿದ್ದವು. ಅಷ್ಟೇ. ಎಣ್ಣೆ ಹಚ್ಚಲಿಲ್ಲ, ಕೈ ಇಡಲಿಲ್ಲ, ಯಾರೂ ಎದ್ದು ನಿಂತು ಸಾಕ್ಷಿ ಹೇಳಲಿಲ್ಲ. ಕುಂಟು ಕಾಲಿನ ಸಮೇತ ಊಟಕ್ಕೆ ಕೂತ.

ನನ್ನ ಧೈರ್ಯ ನಿಂತಿರುವುದು ಈ ವಚನದ ಮೇಲೆ. ಮಗ ನಾಳೆ ಮಾತಾಡುತ್ತಾನೆ ಅನ್ನುವುದರ ಮೇಲೆ ಮನೆಯ ನೆಮ್ಮದಿಯನ್ನು ಕಟ್ಟಿದರೆ, ಮಾತು ಬಾರದ ಪ್ರತಿ ದಿನವೂ ಸೋಲೇ. ಅವನು ಇದ್ದ ಹಾಗೇ ಅವನಿಗೊಂದು ಜಾಗ ಇದೆ ಅನ್ನುವುದರ ಮೇಲೆ ಕಟ್ಟಿದರೆ ಸ್ಪೀಚ್ ಥೆರಪಿಗೂ ಹಗುರವಾಗಿ ಹೋಗಿ ಬರಬಹುದು.

ಜಾಗ ಅಂದರೆ ಸುಮ್ನೆ ಮಾತಲ್ಲಿ ಕೊಡುವ ಜಾಗ ಸಾಲದು. ಬೆಳಗಾವಿಗೆ ಲಂಡನ್ ಮಿಷನ್‌ನವರು ಬಂದಿದ್ದು 1820ರಲ್ಲಿ. 200 ವರ್ಷ ದಾಟಿತು. ಈ ಊರಲ್ಲಿ ಮಿಷನ್‌ನವರು ಶಾಲೆ ಕಟ್ಟಿದರು, ಓದು ಕಲಿಸಿದರು. ಆದರೆ ಭಾನುವಾರ ವೀಲ್‌ಚೇರ್ ತಂದರೆ ಎಷ್ಟು ದೇವಾಲಯಗಳ ಒಳಗೆ ಹೋಗಬಹುದು? ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಲು ಎಷ್ಟು ಸಿಮೆಂಟ್ ಬೇಕು? ಹೊಸ ಸ್ಪೀಕರ್‌ಗೆ ಕಾಣಿಕೆ ಎತ್ತುವವರು ಆ ಸ್ಪೀಕರ್ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವ ಮಗುವನ್ನು ನೋಡಿ "ಹೊರಗ ಕರಕೊಂಡು ಹೋಗ್ರೀ" ಅನ್ನುತ್ತಾರೆ.

ಒಳ್ಳೆಯದನ್ನೂ ಹೇಳಬೇಕು. ನಮ್ಮ ಸಭೆಯಲ್ಲಿ ಒಬ್ಬರು ಕಾಕು ಇದ್ದಾರೆ. ನನ್ನ ಮಗನಿಗಾಗಿ ಅವರು ಜೋರಾಗಿ ಪ್ರಾರ್ಥನೆ ಮಾಡಿದ್ದನ್ನು ನಾನು ಕೇಳಿಲ್ಲ. ಆರಾಧನೆ ಶುರುವಾಗುವ ಮುಂಚೆ ಗೀತೆ ಪುಸ್ತಕಗಳನ್ನು ಅವನ ಕೈಗೆ ಕೊಟ್ಟು, "ಹಂಚಪ್ಪಾ ರಾಜಾ" ಅನ್ನುತ್ತಾರೆ. ಅವನು ಬೆಂಚಿಗೆ ಇಷ್ಟು ಅಂತ ಸಾಲಾಗಿ ಇಡುತ್ತಾ ಹೋಗುತ್ತಾನೆ. ಒಂದು ಪುಸ್ತಕ ಸೊಟ್ಟಗಾದರೆ ವಾಪಸ್ ಬಂದು ನೆಟ್ಟಗೆ ಮಾಡುತ್ತಾನೆ. ದೊಡ್ಡವರು ಹಂಚಿದರೂ ಅಷ್ಟು ಚೊಕ್ಕಟ ಆಗುವುದಿಲ್ಲ. ಆಮೇಲೆ ಬಾಗಿಲ ಹತ್ತಿರದ ಹಿಂದಿನ ಬೆಂಚಿನಲ್ಲಿ ಕಾಕು ಪಕ್ಕ ಕೂರುತ್ತಾನೆ. ಸದ್ದು ಜಾಸ್ತಿಯಾದರೆ ಇಬ್ಬರೂ ಹೊರಗೆ ಮರದ ಕೆಳಗೆ ಹೋಗಿ ಬರುತ್ತಾರೆ.

ಕರ್ತನ ಭೋಜನದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಆ ರೊಟ್ಟಿ, ದ್ರಾಕ್ಷಾರಸ ಸಿಗಬೇಕಾದರೆ ಮೊದಲು ದೃಢೀಕರಣ ಆಗಬೇಕು, ಅದಕ್ಕೆ ದಶಾಜ್ಞೆ ಬಾಯಿಪಾಠ ಬರಬೇಕು, ವಿಶ್ವಾಸಪ್ರಮಾಣ ಒಪ್ಪಿಸಬೇಕು. ಮಾತೇ ಬಾರದ ಮಗು ಏನು ಒಪ್ಪಿಸಬೇಕು? "ಅವಗ ತಿಳಿಯಂಗಿಲ್ಲಲ್ರೀ" ಅಂತಾರೆ. ಸ್ವಾಮಿ, ರೊಟ್ಟಿ ಮುರಿದು ಕೊಟ್ಟ ಆ ರಾತ್ರಿ ಅಲ್ಲಿ ಕೂತಿದ್ದ ಹನ್ನೆರಡು ಜನರಿಗೆ ಎಷ್ಟು ತಿಳಿದಿತ್ತು? ನಮ್ಮಲ್ಲಿ ಯಾರಿಗೆ ಪೂರ್ತಿ ತಿಳಿದಿದೆ? ಅಯ್ಯನವರಲ್ಲಿ ಕೆಲವರು ಇದನ್ನು ಒಪ್ಪುತ್ತಾರೆ, ಕೆಲವರು ನಿಯಮ ತೋರಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಮೆಫೀಬೋಶೆತನಿಗೆ ಊಟಕ್ಕೆ ಮುಂಚೆ ದಾವೀದ ಪರೀಕ್ಷೆ ಇಟ್ಟಿರಲಿಲ್ಲ.

ಇನ್ನು ಕಥೆಯ ಎರಡನೇ ಭಾಗ. ಇದನ್ನು ಪ್ರಸಂಗದಲ್ಲಿ ಯಾರೂ ಹೇಳುವುದಿಲ್ಲ. ನಮ್ಮಂಥವರು ಮಾತ್ರ ಎರಡೆರಡು ಸಲ ಓದಬೇಕಾದ ಭಾಗ. ಹೊಲ ಕೊಟ್ಟರೆ ಸಾಕಾ? ಉಳುವವರು ಯಾರು? ಸೌಲನ ಮನೆಯ ಆಳು ಚೀಬ ಅನ್ನುವವನಿಗೆ ದಾವೀದ ಆ ಕೆಲಸ ಒಪ್ಪಿಸುತ್ತಾನೆ. ಚೀಬನಿಗೆ 15 ಗಂಡುಮಕ್ಕಳು, 20 ಆಳುಗಳು. ಒಳ್ಳೆಯ ಏರ್ಪಾಟು ಅಂತ ಅನ್ನಿಸುತ್ತದೆ. ಮುಂದೆ ದಾವೀದನ ಮಗ ಅಬ್ಷಾಲೋಮ ದಂಗೆ ಎದ್ದು ದಾವೀದ ಊರು ಬಿಟ್ಟು ಓಡುವಾಗ, ಇದೇ ಚೀಬ ಕತ್ತೆಗಳ ಮೇಲೆ ರೊಟ್ಟಿ, ಹಣ್ಣು ಹೇರಿಕೊಂಡು ಎದುರಿಗೆ ಬರುತ್ತಾನೆ. ನನ್ನ ಯಜಮಾನ ನಿಮ್ಮ ಸೋಲಿಗೇ ಕಾಯುತ್ತಿದ್ದಾನೆ ಅಂತ ಚಾಡಿ ಹೇಳಿ ಪೂರ್ತಿ ಹೊಲ ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತಾನೆ. ನಡೆಯಲಾರದವನು ತಾನೇ ಬಂದು ತನ್ನ ಮಾತು ಹೇಳುವುದು ಹೇಗೆ? ದಾವೀದ ವಾಪಸ್ ಬಂದ ಮೇಲಷ್ಟೇ, ಕತ್ತೆಗೆ ಜೀನು ಹಾಕು ಅಂದಿದ್ದೆ, ಈ ಆಳು ನನಗೆ ಮೋಸ ಮಾಡಿದ ಅಂತ ಅವನು ಹೇಳಿಕೊಂಡ. ಆಗಲೂ ದಾವೀದ ಮಾಡಿದ್ದು ಹೊಲ ಅರ್ಧ ಅರ್ಧ ಹಂಚಿಕೊಳ್ಳಿ ಅನ್ನುವ ತೀರ್ಪು.

ನಮಗೆ ರಾತ್ರಿ ನಿದ್ದೆ ಬಾರದೆ ಇರುವುದು ಇದಕ್ಕೇ. ನಾವು ಸತ್ತ ಮೇಲೆ ಇವನನ್ನು ಯಾರು ನೋಡುತ್ತಾರೆ? ನೋಡುವವರು ಚೀಬನಂಥವರಾದರೆ? "ದೇವರು ನೋಡಿಕೋತಾನ್ರೀ" ಅಂತ ಸಮಾಧಾನ ಹೇಳುತ್ತಾರೆ. ದೇವರು ನೋಡಿಕೊಳ್ಳುತ್ತಾನೆ, ನಿಜ. ಮೆಫೀಬೋಶೆತನನ್ನೂ ಒಬ್ಬ ಮನುಷ್ಯನ ಕೈಯಿಂದಲೇ ನೋಡಿಕೊಂಡ.

ಹಾಗಾಗಿ ಕಾಗದಪತ್ರ ಮಾಡಿಸುವುದನ್ನು ನಾನು ವಿಶ್ವಾಸದ ಕೆಲಸ ಅಂತಲೇ ಕರೆಯುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ, ಆಟಿಸಂ ಕೂಡ ಅದರಲ್ಲಿದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಸೌಲಭ್ಯಗಳು ಹೆಚ್ಚಾಗಿ ಸಿಗುವುದು ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಇದ್ದವರಿಗೆ. ಕಾರ್ಡ್ ಮಾಡಿಸಿದರೆ ವಿಶ್ವಾಸ ಬಿಟ್ಟ ಹಾಗೆ ಅಂತ ಕೆಲವರು ಅಂದುಕೊಂಡಿದ್ದಾರೆ. ನಿಮ್ಮ ರೇಷನ್ ಕಾರ್ಡ್ ಬಗ್ಗೆ ಹಾಗೆ ಅಂದುಕೊಳ್ಳುತ್ತೀರಾ? ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿ ತನಕ ಆಸ್ಪತ್ರೆ, ಥೆರಪಿ ಖರ್ಚಿಗೆ ಆಸರೆ ಇದೆ.

ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಲ್ಲಿ ಅದು ದೊಡ್ಡ ಮನುಷ್ಯ. ಅಲ್ಲಿಂದಾಚೆ ಅಪ್ಪ ಅವ್ವ ತಾವಾಗಿಯೇ ಗಾರ್ಡಿಯನ್ ಆಗುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಜಿಲ್ಲೆಯಲ್ಲಿ ಡಿಸಿಯವರ ಮುಂದಾಳತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ, ನಿಮಗೆ ನಂಬಿಕೆ ಇರುವ ಯಾರನ್ನಾದರೂ ಗಾರ್ಡಿಯನ್ ಮಾಡಿ ಅಂತ ಕೇಳಬಹುದು. ಸಂಬಂಧಿಕರೇ ಆಗಬೇಕು ಅಂತಿಲ್ಲ. ಇನ್ನೂ ಒಳ್ಳೆಯ ವಿಷಯ ಕೇಳಿ. ಗಾರ್ಡಿಯನ್ ಆದವರು 6 ತಿಂಗಳೊಳಗೆ ಮಗುವಿನ ಆಸ್ತಿಯ ಪಟ್ಟಿ ಕೊಡಬೇಕು. ಹಣಕಾಸಿನ ವರ್ಷ ಮುಗಿದ ಮೇಲೆ 3 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಮೋಸ ಮಾಡಿದರೆ ಅವರನ್ನು ತೆಗೆಸಲೂಬಹುದು. ದಾವೀದನ ಕಾಲದಲ್ಲಿ ಇಂಥದ್ದೊಂದು ಸಮಿತಿ ಇದ್ದಿದ್ದರೆ ಚೀಬನ ಆಟ ನಡೆಯುತ್ತಿರಲಿಲ್ಲ.

ಸಭೆಗಳಿಗೆ ನನ್ನ ಬೇಡಿಕೆ ಇಷ್ಟೇ. ನಮಗಾಗಿ ಉಪವಾಸ ಪ್ರಾರ್ಥನೆ ಇಡುತ್ತೀರಿ, ಬಹಳ ಸಂತೋಷ, ಇಡಿ. ಅದರ ಜೊತೆ ಮುಂದಿನ ಕಮಿಟಿ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಇಡಿ. ನಮ್ಮ ಸಭೆಯಲ್ಲಿ ಇಂಥ ಮಕ್ಕಳು ಯಾರಿದ್ದಾರೆ, ಅವರ ಅಪ್ಪ ಅವ್ವನ ನಂತರ ಗಾರ್ಡಿಯನ್ ಆಗಲು ನಮ್ಮಲ್ಲಿ ಯಾರು ತಯಾರಿದ್ದಾರೆ? ಒಬ್ಬೊಬ್ಬರೇ ಬೇಡ, ಎರಡು ಮೂರು ಮನೆಯವರು ಸೇರಿ ಒಂದು ಮಗುವಿನ ಹೊಣೆ ಹೊರಲಿ. ಗಾರ್ಡಿಯನ್ ಅಂತ ಹೆಸರು ಒಬ್ಬರದಿರಲಿ, ಮಿಕ್ಕವರು ಅವರ ಮೇಲೆ ಕಣ್ಣಿಡಲಿ. ಪಾರ್ಶ್ವವಾಯುವಿನವನನ್ನು ಚಾವಣಿ ಕಿತ್ತು ಯೇಸುವಿನ ಮುಂದೆ ಇಳಿಸಿದವರೂ ನಾಲ್ಕು ಜನ.

ನಾನೂ ನಮ್ಮ ಯಜಮಾನರೂ ಈ ಕೆಲಸ ಶುರು ಮಾಡಿದ್ದೇವೆ. ಸಭೆಯ ಎರಡು ಮನೆಗಳಿಗೆ ಹೋಗಿ, ಚಹಾ ಕುಡಿದು, ನೇರವಾಗಿಯೇ ಕೇಳಿದೆವು. ಆ ಕಾಕುವಿನ ಮಗ, ಸೊಸೆ ಹೂಂ ಅಂದಿದ್ದಾರೆ. ಇನ್ನೊಬ್ಬರು, "ವೈನಿ, ಇದು ದೊಡ್ಡ ಜವಾಬ್ದಾರಿ ಐತಿ. ಮನ್ಯಾಗ ಕೂತು ಮಾತಾಡಿ, ಹೊಲ ಮನಿ ಕಾಗದಾ ಎಲ್ಲಾ ನೋಡಿ ಹೇಳ್ತೀವಿ" ಅಂದರು. ನನಗೆ ಆ ಉತ್ತರದ ಮೇಲೆ ಜಾಸ್ತಿ ನಂಬಿಕೆ ಬಂತು.