ಚಂದಾ ಇಲ್ಲದ ಮನೆ ಅಲಾರಂ: ಕಳ್ಳ ಬಂದಾಗ ಫೋನ್ ಯಾರಿಗೆ ಹೋಗುತ್ತೆ?

[ದೃಶ್ಯ: ಮೇಜಿನ ಮೇಲೆ ಪ್ಯಾನೆಲ್, ಡೋರ್ ಸೆನ್ಸರ್, ಮೋಷನ್ ಸೆನ್ಸರ್, ಸೈರನ್]

ತಿಂಗಳ ಚಂದಾ ಕಟ್ಟಿದ್ರೆ ಕಂಪನಿಯ ಕಂಟ್ರೋಲ್ ರೂಮಿನವರು ನಿಮ್ಮ ಅಲಾರಂ ನೋಡ್ಕೊಳ್ತಾರೆ. ಚಂದಾ ಬೇಡ ಅಂದ್ರೆ ಆ ಕೆಲಸ ನಿಮ್ಮ ತಲೆ ಮೇಲೆ. ಹಾಗಾಗಿ ಡಬ್ಬಿಯಲ್ಲಿ ಎಷ್ಟು ಸೆನ್ಸರ್ ಇದೆ ಅನ್ನೋದು ಆಮೇಲೆ. ಸುದ್ದಿ ಮನೆಯಿಂದ ಯಾವ ದಾರೀಲಿ ಹೊರಗೆ ಬರುತ್ತೆ, ಅದನ್ನ ಮೊದಲು ನೋಡಿ.

ಬರೀ ವೈ-ಫೈ ನಂಬಿರೋ ಅಲಾರಂ ಬೇಡ. ಕರೆಂಟ್ ಹೋದಾಗ ಪ್ಯಾನೆಲ್, ಅಂದ್ರೆ ಸೆನ್ಸರುಗಳ ಸುದ್ದಿ ಸೇರೋ ಮುಖ್ಯ ಪೆಟ್ಟಿಗೆ, ತನ್ನ ಬ್ಯಾಟರಿಯಲ್ಲಿ ಬದುಕಿರುತ್ತೆ, ರೂಟರ್ ಸತ್ತಿರುತ್ತೆ. ಸಿಮ್ ಇರೋದನ್ನೇ ತಗೊಳ್ಳಿ, 2ಜಿನಾ 4ಜಿನಾ ಕೇಳಿ. ಜಿಯೋಗೆ 2ಜಿ ಜಾಲವೇ ಇಲ್ಲ, ಹಳೇ 2ಜಿ ಪ್ಯಾನೆಲ್ಲಿಗೆ ಆ ಸಿಮ್ ಹಾಕಿದ್ರೆ ಒಂದು ಕಡ್ಡಿ ಸಿಗ್ನಲ್ಲೂ ಬರಲ್ಲ. ಸಿಮ್ಮಿನ ಪಿನ್ ಲಾಕ್ ತೆಗೀರಿ, ರೀಚಾರ್ಜ್ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವ್ಯಾಲಿಡಿಟಿ ಮುಗಿದ ಸಿಮ್ಮಿಂದ ಕರೆ ಹೋಗಲ್ಲ.

ಇನ್ನೊಂದು: ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆರಿಸೋ ಅಭ್ಯಾಸ ತುಂಬಾ ಜನಕ್ಕಿದೆ. ಆರಿಸಿದ್ರೆ ಎರಡನೇ ದಿನಕ್ಕೆ ಪ್ಯಾನೆಲ್ಲಿನ ಬ್ಯಾಟರಿಯೂ ಖಾಲಿಯಾಗಿರಬಹುದು. ಮೇನ್ ಹಾಗೇ ಬಿಟ್ಟು, ಪ್ಯಾನೆಲ್ ಇರೋ ಸರ್ಕ್ಯೂಟಿನ ಎಂಸಿಬಿ (ಬೋರ್ಡಿನಲ್ಲಿರೋ ಸಣ್ಣ ಸ್ವಿಚ್) ಒಂದನ್ನ ಆನ್ ಇಟ್ಟು ಮಿಕ್ಕಿದ್ದೆಲ್ಲ ಆರಿಸಿ.

ಆ್ಯಪ್ ನೋಟಿಫಿಕೇಶನ್ ನಂಬಿ ಮಲಗಬೇಡಿ, ಫೋನಿನ ಬ್ಯಾಟರಿ ಸೇವರ್ ಅದನ್ನ ತಡೆದುಬಿಡಬಹುದು. ಪ್ಯಾನೆಲ್ಲೇ ಕರೆ ಮಾಡಬೇಕು. ಪ್ಯಾನೆಲ್ಲಿನ ಸಿಮ್ ನಂಬರಿಗೆ ನಿಮ್ಮ ಫೋನಿನ ಡು ನಾಟ್ ಡಿಸ್ಟರ್ಬ್‌ನಲ್ಲಿ ವಿನಾಯಿತಿ ಕೊಡಿ. ಪ್ಯಾನೆಲ್ ಕರೆ ಮಾಡೋ ಎರಡನೇ ನಂಬರ್ ಬೀಗದ ಕೈ ಇಟ್ಕೊಂಡಿರೋ ಪಕ್ಕದ ಮನೆಯವರದ್ದು. 112 ಫೀಡ್ ಮಾಡಬೇಡಿ, ಹಲ್ಲಿ ಓಡಾಡಿದ್ರೂ ಪೊಲೀಸರಿಗೆ ಕರೆ ಹೋಗುತ್ತೆ. ನೀವು ಪುಣೆಯಲ್ಲಿ ಕೂತು 112 ಒತ್ತಿದ್ರೆ ಅದು ಮಹಾರಾಷ್ಟ್ರದ ಕೇಂದ್ರಕ್ಕೆ. ಹಾಸನದ ಮನೆಗೆ ಹಾಸನದ ಠಾಣೆಯ ನಂಬರೇ ಬೇಕು.

[ದೃಶ್ಯ: ಮೋಷನ್ ಸೆನ್ಸರಿನ ಲೆನ್ಸ್, ಹತ್ತಿರದಿಂದ]

ಹಲ್ಲಿ ಅಂದಿದ್ದು ತಮಾಷೆಗಲ್ಲ. ಮೋಷನ್ ಸೆನ್ಸರ್ ನೋಡೋದು ಶಾಖದ ಓಡಾಟವನ್ನ. ಲೆನ್ಸ್ ಮೇಲೇ ಹಲ್ಲಿಯೋ ಜಿರಲೆಯೋ ಹರಿದ್ರೆ ಅದಕ್ಕೆ ಆನೆ ಬಂದ ಹಾಗೆ. ತಂತಿ ಒಳಬರೋ ತೂತಿಗೆ ಸಿಲಿಕೋನ್ ತುಂಬಿ, ಟ್ಯೂಬ್‌ಲೈಟ್ ಪಕ್ಕ ಹಾಕಬೇಡಿ, ಹುಳ ಅಲ್ಲಿಗೇ ಬರೋದು. ಎತ್ತರ ಸುಮಾರು 2.2 ಮೀಟರ್. ಕಳ್ಳ ಸೆನ್ಸರಿನ ಕಡೆಗೆ ನಡೆದು ಬರೋ ಹಾಗಲ್ಲ, ಅದರ ಮುಂದೆ ಅಡ್ಡ ಹಾಯೋ ಹಾಗೆ ಮೂಲೆ ಆರಿಸಿ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಗೋಡೆಯೇ ಮೈ ಶಾಖಕ್ಕೆ ಸಮ ಬಂದಾಗ ಇದು ಮಂಕಾಗುತ್ತೆ, ಅಲ್ಲಿ ಡೋರ್ ಸೆನ್ಸರ್ ಜಾಸ್ತಿ ಹಾಕಿ. ಹೆಂಚಿನ ಮನೆಯಲ್ಲಿ ತಿರುಗುಮುರುಗು: ಹೆಂಚು ಸರಿಸಿ ಇಳಿಯೋನಿಗೆ ಬಾಗಿಲಿನ ಸೆನ್ಸರ್ ಏನೂ ಮಾಡಲ್ಲ.

ಡೋರ್ ಸೆನ್ಸರಿನ ಮ್ಯಾಗ್ನೆಟ್ ಮತ್ತು ಸ್ವಿಚ್ ನಡುವೆ 10 ಮಿಲಿಮೀಟರ್ ದಾಟದಿರಲಿ. ಕಬ್ಬಿಣದ ಗ್ರಿಲ್ಲಿಗೆ ನೇರ ಅಂಟಿಸಿದ್ರೆ ಕಾಂತಬಲವನ್ನ ಕಬ್ಬಿಣವೇ ಎಳ್ಕೊಳ್ಳುತ್ತೆ, ಅಡಿಗೆ ಪ್ಲಾಸ್ಟಿಕ್ ತುಂಡು ಇಡಿ. ಮರದ ಬಾಗಿಲಿಗೆ ಅಂಟು ಸಾಲಲ್ಲ, ಸ್ಕ್ರೂ ಹಾಕಿ. ಹಿತ್ತಲ ಬಾಗಿಲು, ತಾರಸಿ ಬಾಗಿಲು ಮರೀಬೇಡಿ. ನೀವು ಒಳಬಂದು ಅಲಾರಂ ಆರಿಸೋಕೆ ಕೊಡೋ 30 ಸೆಕೆಂಡ್ ತಡ ಮುಂಬಾಗಿಲಿಗೆ ಮಾತ್ರ, ಬೇರೆ ಬಾಗಿಲು ತೆರೆದ ತಕ್ಷಣ ಸೈರನ್ ಕೂಗಲಿ.

[ದೃಶ್ಯ: ಮೇನ್ ಸ್ವಿಚ್ ಆರಿಸುವ ಕೈ]

ಎಲ್ಲಾ ಹಾಕಿದ ಮೇಲೆ ಮೇನ್ ಆರಿಸಿ. ರೂಟರ್ ಸತ್ತಿದೆಯಾ ನೋಡಿ. ಅಲಾರಂ ಆನ್ ಮಾಡಿ, ಪಕ್ಕದ ಮನೆಯವರನ್ನ ಅವರ ಮನೆಯೊಳಗೇ ಕೂರಿಸಿ ಹಿತ್ತಲ ಬಾಗಿಲು ತೆಗೀರಿ. ಅವರಿಗೆ ಸೈರನ್ ಕೇಳಿಸ್ತಾ? ನಿಮ್ಮ ಫೋನ್ ಎಷ್ಟು ಸೆಕೆಂಡಿಗೆ ರಿಂಗ್ ಆಯ್ತು? ಆಗಲೇ ಇಲ್ಲ ಅಂದ್ರೆ ಮೊದಲು ಸಿಮ್ ನೋಡಿ. ಸಿಮ್ ಸರಿಯಿದ್ದೂ ಆಗ್ತಿಲ್ವಾ, ರಿಟರ್ನ್ ಅವಧಿ ಮುಗಿಯೋದ್ರೊಳಗೆ ವಾಪಸ್ ಡಬ್ಬಿಗೆ ಹಾಕಿ.